ನಾನೇ ಉಡಿಸಿದ ಸೀರೆ

ಹರಪನಹಳ್ಳಿಯಲ್ಲಿರುವ ನನ್ನ ಸೀರೆ ಅಂಗಡಿಯ ಪಕ್ಕಕ್ಕೆ ಈಚೆಗೆ ಒಬ್ಬ ಇಸ್ತ್ರಿ ಮಾಡುವವನು ಬಂದಿದ್ದಾನೆ. ಮೊನ್ನೆ ಯಾರದೋ ಗಂಜಿ ಹಾಕಿದ ಕಾಟನ್ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆದ. ಅನ್ನ ಉಕ್ಕಿ ಒಲೆಗೆ ಚೆಲ್ಲಿದಾಗ ಏಳುವಂಥ ಒಂದು ವಾಸನೆ ಬಂತು... ಎದುರಿಗೆ ಕೂತ ಗಿರಾಕಿ ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲವಂತೆ. ನಾನು ಎಷ್ಟೋ ವರ್ಷ ಹಿಂದಿನ ಒಂದು ಬಾಡಿಗೆ ಮನೆಗಳ ಸಾಲಿಗೆ, ಅದರ ಕೊನೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದೆ.

ಆ ಕೋಣೆಯಲ್ಲಿ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ, ಗೋಡೆಗೆ ಗೋಡೆ ಹತ್ತಿದ ನೆರೆಯವಳು. ಹರಪನಹಳ್ಳಿಯಿಂದ ತೆಲಿಗಿ ಕಡೆಯ ಬಸ್ಸು ಹಿಡಿದರೆ ಸಿಗುವ ಊರು, ಹೆಸರು ಬರೆಯುವುದಿಲ್ಲ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಎಂಟನೆಯ ತರಗತಿ. ಅಕ್ಕನಿಗೆ ಮೆಕ್ಕೆಜೋಳದ ಗೋದಾಮಿನಲ್ಲಿ ಕಾಳು ತೂರುವ ಕೆಲಸ. ನಾನಾಗ ಸೀರೆಯ ಗಂಟು ಹೊತ್ತುಕೊಂಡು ಒಂದು ದಿನ ಕೊಟ್ಟೂರು, ಒಂದು ದಿನ ಹಗರಿಬೊಮ್ಮನಹಳ್ಳಿ, ಇನ್ನೊಂದು ದಿನ ಹಡಗಲಿ ಅಂತ ಮನೆ ಮನೆ ತಿರುಗಿ ಮಾರುತ್ತಿದ್ದೆ. ನನ್ನ ಚೌಕಾಸಿ ಗೊತ್ತಿದ್ದ ದಾವಣಗೆರೆಯ ಹೋಲ್‌ಸೇಲ್ ಅಂಗಡಿಯವರು ನನ್ನ ಮುಖ ಕಂಡರೆ ನಕ್ಕುಬಿಡುತ್ತಿದ್ದರು, "ಬಂದ್ಲಪ್ಪ, ಇವತ್ತು ನಮ್ಮ ಕಥಿ ಮುಗೀತು" ಅಂತ.

ಗೋದಾಮಿಗೆ ಹೋಗುವಾಗ ಅಕ್ಕ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಡುತ್ತಿದ್ದಳು. ಸಂಜೆ ಬಂದಾಗ ರೆಪ್ಪೆಯ ಮೇಲೂ ಹೊಟ್ಟಿನ ದೂಳು. ನೇರ ಬಚ್ಚಲಿಗೆ. ಹೊರಬಂದರೆ ಬೇರೆಯದೇ ಹೆಂಗಸು. ಗಂಜಿ ಹಾಕಿದ ಬಿಳಿ ನೆಲದ ಕಾಟನ್ ಸೀರೆ, ಸಣ್ಣ ಅಂಚು, ನೆರಿಗೆ ಒಂದರ ಮೇಲೊಂದು ಎಣಿಸಿ ಇಟ್ಟಂತೆ. ಅಂಥ ಸೀರೆ ಅವಳ ಹತ್ತಿರ ಇದ್ದದ್ದು ಎರಡೇ. ಅನ್ನ ಬಸಿದ ಗಂಜಿಯಲ್ಲೇ ಅದ್ದಿ, ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಅದರ ತಳದಿಂದ ಉಜ್ಜುತ್ತಿದ್ದಳು. ಆ ಸೀರೆ ಉಟ್ಟು ನಲ್ಲಿಗೆ ಬಂದರೆ, ಜಗಳ ಆಡುತ್ತಿದ್ದ ಹೆಂಗಸರೂ ಕೊಡ ಸರಿಸಿ ಜಾಗ ಬಿಡುತ್ತಿದ್ದರು. ಬೆನ್ನ ಹಿಂದೆ "ಸಾಹೇಬ್ರು ಬಂದ್ರು ನೀರಿಗೆ" ಎಂದು ನಗುತ್ತಿದ್ದರು, ಅದು ಬೇರೆ ಮಾತು. ಎದುರಿಗೆ "ಬರ್ರಿ" ಎನ್ನುತ್ತಿದ್ದರಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಸೀರೆ ವ್ಯಾಪಾರದಲ್ಲಿ ಕೂದಲು ಹಣ್ಣಾದವಳು ನಾನು, ಒಂದು ಮಾತು ಹೇಳುತ್ತೇನೆ. ಹೊಸ ಬಟ್ಟೆಯನ್ನು ನೇರ ಸಭೆಗೆ ಉಟ್ಟುಕೊಂಡು ಹೋಗಬೇಡಿ. ಮನೆಯಲ್ಲಿ ಒಂದು ತಾಸು ಉಟ್ಟು ಓಡಾಡಿ. ಬಟ್ಟೆ ಮೈಗೆ ಹೊಂದಬೇಕು, ಆಮೇಲೆ ಮುಖ ಬಟ್ಟೆಗೆ ಹೊಂದುತ್ತದೆ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ನಾನು ಎಲ್ಲಿ ಬಳಸಿದೆ ಎಂಬುದನ್ನೇ ಈಗ ಬರೆಯಲು ಕೂತಿದ್ದೇನೆ.

ಆ ವರ್ಷ ಬಾಡಿಗೆ ಸಾಲಿನ ಮಾಲೀಕ ಎಲ್ಲರಿಗೂ ಮನೆ ಬಿಡಲು ಹೇಳಿದ. ಆ ಜಾಗದಲ್ಲಿ ಗೋದಾಮು ಕಟ್ಟಿಸುವವನಿದ್ದ. ನಾನು ಹರಪನಹಳ್ಳಿಗೆ ಹೋಗುವುದೆಂದು ತೀರ್ಮಾನಿಸಿದ್ದೆ. ಅಕ್ಕನಿಗೆ ಹೋಗಲು ಎಲ್ಲೂ ಜಾಗವಿರಲಿಲ್ಲ, ಮೈನೆರೆದ ಮಗಳನ್ನು ಕಟ್ಟಿಕೊಂಡು. ಅದೇ ಹೊತ್ತಿಗೆ ಮನೆ ಇಲ್ಲದವರಿಗೆ ಸರ್ಕಾರದಿಂದ ಮನೆ ಕೊಡುತ್ತಾರೆ, ಊರ ಸಭೆಯಲ್ಲಿ ಆರಿಸುತ್ತಾರೆ ಎಂದು ಡಂಗುರ ಹೊಡೆಸಿದರು. ಅಕ್ಕ ಅದಕ್ಕಾಗಿಯೇ ಹಿಂದಿನ ದಿನ ಸೀರೆಗೆ ಗಂಜಿ ಹಾಕಿದಳು.

ಪಟ್ಟಿ ಬರೆಯುತ್ತಿದ್ದ ಅಧಿಕಾರಿ ತಲೆ ಎತ್ತಿ ಅವಳನ್ನು ನೋಡಿದ. "ಏನಮ್ಮಾ, ತಾವು ಟೀಚರ್ರಾ?"

"ಇಲ್ರಿ ಸರ, ಗೋದಾಮಿನಾಗ ಕೂಲಿ ಮಾಡ್ತೀನಿ."

"ಕೂಲಿ ಮಾಡೋರು ಹಿಂಗಿರ್ತಾರೇನ್ರಿ? ಅತ್ತಾಗ ಕೂಡ್ರಿ, ಬಡವರು ಮೊದ್ಲು ಬರ್ಲಿ."

ಜನ ನಕ್ಕರು. ಸಭೆ ಮುಗಿಯುವವರೆಗೂ ಅವಳು "ಅತ್ತಾಗ" ಕೂತಿದ್ದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಸಭೆ ಇದೆ, ಉಳಿದ ಕೆಲವು ಮನೆಗಳಿಗೆ ಫೋಟೊ ಹಚ್ಚಿ ಅರ್ಜಿ ಕೊಡಬೇಕು ಎಂದು ತಿಳಿಯಿತು. ನಾನು ಅವಳ ಕೋಣೆಗೆ ಹೋಗಿ ಕೂತೆ.

"ಅಕ್ಕಾ, ವ್ಯಾಪಾರ ನಾ ಕಲ್ತಾಕಿ. ಕೊಳ್ಳಾಕ ಬಂದೋರು ಏನು ನೋಡ್ಬೇಕಂತಾರೋ ಅದನ್ನ ಬಿಚ್ಚಿ ತೋರಿಸ್ಬೇಕು. ಅವ್ರು ಬಡವಿನ್ನ ನೋಡಾಕ ಬರ್ತಾರ. ನೀ ಅಂಚಿನ ಸೀರಿ ತೋರಿಸ್ತಿ."

"ನಾ ಬಡವಿ ಅದೀನಿ. ಮತ್ತ ಬಡವಿ ವೇಷ ಯಾಕ ಹಾಕ್ಲಿ?"

"ಅವ್ರಿಗೆ ಗೊತ್ತಾಗ್ಬೇಕಲ್ಲ!"

ಅವಳು ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯ ಕಡೆ ನೋಡಿದಳು. ಆಮೇಲೆ, "ಹಂಗಂದ್ರ ಗೋದಾಮಿನ ಅಂಗಿ ಹಾಕ್ಕೊಂಡು ಹೋಗ್ತೀನಿ. ಅದು ದುಡಿಯೋ ಬಟ್ಟಿ. ಅದ್ರಾಗ ನಾಚಿಕಿಲ್ಲ ನಂಗ" ಅಂದಳು.

ಅವಳ ಮಾತಿಗೆ ನಾನು ಹ್ಞೂಂ ಅನ್ನಬೇಕಿತ್ತು... ಅನ್ನಲಿಲ್ಲ. "ಬ್ಯಾಡ, ದುಡಿಮಿ ಐತಿ ಅಂತ ತಿಳ್ಕೊಂತಾರ" ಅಂದೆ. ಕೌದಿ ಹೊಲಿಯಲು ತೆಗೆದಿಟ್ಟಿದ್ದ ನನ್ನ ಚಿಂದಿ ಗಂಟಿನಿಂದ ಒಂದು ಸೀರೆ ಆರಿಸಿದೆ. ಅದು ಹರಿದದ್ದು ಬೆನ್ನಿನ ಕಡೆ, ಕಾಣುತ್ತಿರಲಿಲ್ಲ. ಕಾಣುವ ಹಾಗೆ ಸೆರಗಿನಲ್ಲಿ ನಾನೇ ಒಂದು ಗೇಣು ಹರಿದೆ.

ಫೋಟೊ ತೆಗೆಸಲು ಹರಪನಹಳ್ಳಿಗೆ ಹೋಗಬೇಕಿತ್ತು. ಚಿಂದಿಯನ್ನು ಚೀಲದಲ್ಲಿ ಒಯ್ದು ಸ್ಟುಡಿಯೋದಲ್ಲೇ ಉಟ್ಟು ಬಿಚ್ಚುತ್ತೇನೆ ಎಂದಳು. ನಾನು ಒಪ್ಪಲಿಲ್ಲ. "ಮನಿಯಿಂದನ ಉಟ್ಕೊಂಡು ಬಾ, ಅಂದ್ರ ಮುಖಕ್ಕ ಬರತೈತಿ." ಚಪ್ಪಲಿ ಬಿಡಿಸಿದೆ, ಬಾಚಿದ ತಲೆಯನ್ನು ಕೈಯಾರೆ ಕೆದರಿದೆ. ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಕಂಡಕ್ಟರ್ ಅವಳನ್ನೊಮ್ಮೆ ನೋಡಿ, "ಏಯ್ ಮುದುಕಿ, ಕೆಳಗ ಕೂಡು, ಸೀಟಿಗೆ ಮಂದಿ ಬರ್ತಾರ" ಎಂದ. ಅವಳಿಗೆ ನಲವತ್ತು ತುಂಬಿರಲಿಲ್ಲ. ಬಾಯಿ ಮಾಡಲು ನಾನು ಎದ್ದೆ, ಅಷ್ಟರಲ್ಲಿ ಅವಳು ಕೆಳಗೆ ಕೂತೇಬಿಟ್ಟಿದ್ದಳು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಒಳಗೊಳಗೇ ಸಮಾಧಾನವಾಯಿತು. ಸೀರೆ ಕೆಲಸ ಮಾಡುತ್ತಿದೆ ಅಂದುಕೊಂಡೆ.

ಸ್ಟುಡಿಯೋದ ಗೋಡೆಗೆ ಕನ್ನಡಿ, ಪಕ್ಕದಲ್ಲಿ ಬಾಚಣಿಗೆ, ಪೌಡರ್ ಡಬ್ಬಿ. "ತಲಿ ಬಾಚ್ಕಳ್ರಿ ಅಮ್ಮ" ಎಂದ ಫೋಟೊದವನು. ಅಕ್ಕನ ಕೈ ಬಾಚಣಿಗೆಯ ಹತ್ತಿರ ಹೋಯಿತು. "ಬ್ಯಾಡಣ್ಣ, ಹಂಗ ತೆಗೀರಿ" ಅಂದೆ ನಾನು. ಅವಳು ಒಮ್ಮೆ ಕನ್ನಡಿ ನೋಡಿ, ಬೇರೆ ಯಾರನ್ನೋ ಕಂಡವಳಂತೆ ಪಕ್ಕಕ್ಕೆ ಸರಿದಳು. ಅವಳ ಜೀವಮಾನದಲ್ಲಿ ತೆಗೆದ ಮೊದಲ ಫೋಟೊ ಅದು.

ಸಭೆಯ ದಿನವೂ ಅದೇ ಸೀರೆ. ಅದೇ ಅಧಿಕಾರಿ, ಆದರೆ ಗುರುತು ಹಿಡಿಯಲಿಲ್ಲ. "ನೋಡ್ರಿ, ಬಡತನ ಅಂದ್ರ ಇದು" ಎಂದು ಕೈ ಮಾಡಿ ಎಲ್ಲರಿಗೂ ತೋರಿಸಿದ. "ಬಾರಮ್ಮ, ಇಲ್ಲಿ ಹೆಬ್ಬೆಟ್ಟು ಒತ್ತು." ಅಕ್ಕನಿಗೆ ಸಹಿ ಮಾಡಲು ಬರುತ್ತಿತ್ತು. ಸಾಕ್ಷರತೆ ತರಗತಿಯಲ್ಲಿ ಲಾಟೀನಿನ ಮುಂದೆ ಕೂತು ಕಲಿತಿದ್ದಳು, ಗೋದಾಮಿನಲ್ಲಿ ಸಹಿ ಹಾಕಿಯೇ ಕೂಲಿ ತೆಗೆದುಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು.

ಹೊರಗೆ ಬಂದಾಗ ಕೇಳಿದೆ, "ಸಹಿ ಬರ್ತಿತ್ತಲ್ಲ ಅಕ್ಕಾ?"

"ಆ ಸೀರ್ಯಾಗ ಬರ್ಲಿಲ್ಲ ತಂಗಿ" ಅಂದಳು.

ಮನೆ ಬಂತು. ಊರ ಹೊರಗೆ ಒಂದು ಕೋಣೆ, ಒಂದು ಅಡುಗೆಮನೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಗಟ್ಟಿ ಬಾಗಿಲು. ಹೊಸ ಮನೆ ಒಕ್ಕಲಿನ ದಿನ ನಾನು ಒಳ್ಳೆಯ ಕಾಟನ್ ಸೀರೆ ಒಯ್ದಿದ್ದೆ. "ನಿನ್ನಿಂದ ಮನಿ ಆತು ತಂಗಿ" ಎಂದು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿ ಇಟ್ಟಳು. ಉಡಲಿಲ್ಲ. ಯಾಕೆಂದರೆ, ಅದಕ್ಕೂ ನನ್ನದೇ ಸಲಹೆ ಇತ್ತು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಒಮ್ಮೆ ಅವಳು ಗಂಜಿ ಸೀರೆ ಉಟ್ಟು ಹೊರಬಂದಾಗ, ಮನೆ ಸಿಗದ ಒಬ್ಬಳು, "ಮನಿ ಹೊಡಿಯಾಕ ಒಂದು ವೇಷ, ಮೆರಿಯಾಕ ಒಂದು ವೇಷ. ನಿನ್ನ ಮ್ಯಾಲ ದೂರು ಅರ್ಜಿ ಬರಿತೀನಿ ತಡಿ" ಎಂದು ದಾರಿಯಲ್ಲೇ ಕೂಗಿದ್ದಳು. ಸುದ್ದಿ ಕೇಳಿ ನಾನು, "ಒಂದು ವರ್ಷ ಹಿಂಗ ಇರಕ್ಕಾ, ಮಂದಿ ಮರಿತಾರ" ಎಂದಿದ್ದೆ.

ವರ್ಷ ಕಳೆಯಿತು. ಜನ ಮರೆತರು. ಅಕ್ಕ ಮರೆಯಲಿಲ್ಲ. ಆಗಾಗ ಹೋದಾಗ ನೋಡುತ್ತಿದ್ದೆ. ಬಣ್ಣ ಹೋದ ಸೀರೆ, ಸುತ್ತಿ ಬಿಟ್ಟ ಕೂದಲು. ನಲ್ಲಿಯಲ್ಲಿ ಎಲ್ಲರೂ ತುಂಬಿಸಿಕೊಂಡ ಮೇಲೆ ಕೊಡ ಇಡುತ್ತಿದ್ದಳು. ಗೋದಾಮಿನವರು "ಲೇ ಮುದುಕಿ" ಎಂದರೆ "ಹ್ಞಾಂ" ಎನ್ನುತ್ತಿದ್ದಳು. "ಈಗ ಯಾರು ಏನಂತಾರಕ್ಕ, ಟ್ರಂಕಿನಾಗಿಂದ ತೆಗಿ" ಎಂದು ನಾನೇ ಎಷ್ಟೋ ಸಲ ಹೇಳಿದೆ. "ಇರ್ಲಿ ಬಿಡು, ಎದಕ್ಕ..." ಎನ್ನುತ್ತಿದ್ದಳು. ಯಾರ ಮನೆಯ ಹೆಂಗಸಿಗಾದರೂ ಸೀರೆ ಒಪ್ಪಿಸಿಬಿಡುವ ನನ್ನ ನಾಲಿಗೆ ಅವಳ ಮುಂದೆ ಸೋತಿತು. ನನ್ನ ಮೇಲೆ ಒಂದು ದಿನ ಸಿಟ್ಟು ಮಾಡಿದ್ದರೂ ನನಗೆ ಹಗುರಾಗುತ್ತಿತ್ತು. ಮಾಡಲಿಲ್ಲ.

ಮಗಳ ಮದುವೆಯಾದ ಎರಡು ವರ್ಷಕ್ಕೆ ಅಕ್ಕ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಗೋದಾಮಿನ ದೂಳು ಎಂದರು ಡಾಕ್ಟರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಗೋಡೆಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೊ, ಮಲ್ಲಿಗೆ ಹಾರ. ಆಗ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂದಿತ್ತು. ಸತ್ತವರ ಮುಖ ಕತ್ತರಿಸಿ ಯಾವುದೋ ರೇಷ್ಮೆ ಸೀರೆಯ ಮೈಗೆ ಕೂಡಿಸಿ ಕೊಡುತ್ತಿದ್ದರು. ಅಕ್ಕ ಹಸಿರು ರೇಷ್ಮೆಯಲ್ಲಿದ್ದಳು. ಅಂಗೈ ಅಗಲದ ಜರಿ ಅಂಚು, ಕೊರಳಲ್ಲಿ ಅವಳು ಕಂಡೇ ಇರದ ಸರ.

"ಚಿಗವ್ವ, ಸೀರಿ ವಿಷ್ಯ ನಿಂಗ ಗೊತ್ತು, ಹೇಳು" ಎಂದಳು ಮಗಳು, ಕಣ್ಣು ಒರೆಸಿಕೊಳ್ಳುತ್ತ. "ಸ್ಟುಡಿಯೋದವ್ನು ನಾಕು ತೋರಿಸಿದ್ದ. ಹಸುರು ನಾನ ಆರಿಸ್ದೆ. ಅವ್ವಗ ಒಪ್ಪೈತಿಲ್ಲ?"

ಸೀರೆ ಒಪ್ಪಿತ್ತು. ಆದರೆ ಮಗಳ ಮದುವೆಯಲ್ಲೂ ಕ್ಯಾಮೆರಾ ಕಂಡರೆ ಸರಿದುಬಿಡುತ್ತಿದ್ದ ಅವಳದೆಂದು ಇದ್ದದ್ದು, ಅರ್ಜಿಗೆ ತೆಗೆಸಿದ ಆ ಒಂದೇ ಫೋಟೊ. ಅದರ ಮುಖ ಎಲ್ಲಿಂದ ಬದಲಾಗಬೇಕು? ರೇಷ್ಮೆಯ ಮೇಲೆ, ಬಸ್ಸಿನಲ್ಲಿ ನೆಲದ ಮೇಲೆ ಕೂತು ಬಂದ ದಿನದ ಮುಖವೇ ಇತ್ತು. ಕೆದರಿದ ಕೂದಲು, ಯಾರ ಕಣ್ಣನ್ನೂ ಎದುರಿಸದ ಕಣ್ಣು.

"ಒಪ್ಪೈತಿ ಮಗಳ" ಅಂದೆ.

ಈಗ ಆ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಇದ್ದಾರೆ. ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿಲ್ಲ, ನಾನು ಹೋಗುವುದನ್ನೂ ಬಿಟ್ಟಿಲ್ಲ. ಮೊಮ್ಮಗಳು ಕುರ್ಚಿ ತಂದು ಫೋಟೊದ ಎದುರಿಗೆ ಇಡುತ್ತಾಳೆ. ಫ್ಯಾನಿನ ಗಾಳಿ ಇಲ್ಲಿ ಬರೋದಿಲ್ಲ ಎಂದು ಏನೋ ಒಂದು ನೆವ ಹೇಳಿ, ಆ ಗೋಡೆಗೇ ಬೆನ್ನು ಹಚ್ಚಿ ಕೂತು ಊಟ ಮಾಡಿ ಬರುತ್ತೇನೆ.