ಬಸ್ಸಿನ ಪುಟದ ನಿಧಾನಕ್ಕ

ಇದನ್ನು ಬರೆಯಲು ನನಗಿಂತ ತಿಳಿದವರು ಬೇಕಿತ್ತು. ಸಂಜೆ ತರಗತಿಯಲ್ಲಿ ಕಲಿತ ಅಷ್ಟಿಷ್ಟು ಕಂಪ್ಯೂಟರೇ ನನ್ನ ಬಂಡವಾಳ, ಅದರಲ್ಲೂ ಅರ್ಧ ಮರೆತಿದೆ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು. ಅದು ನನ್ನ ತಪ್ಪೇ ಹೊರತು ಈ ಹೆಣ್ಣುಮಗಳದ್ದಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಗೆ ಹಳೆಯ ಫೋನುಗಳು ಸಾಲಾಗಿ ಒರಗಿ ನಿಂತಿವೆ. ಒಂದರ ಗಾಜು ಬಿರಿದಿದೆ, ಇನ್ನೊಂದು ಚಾರ್ಜರ್ ಕಿತ್ತರೆ ಆರಿಹೋಗುತ್ತದೆ. ನೆರೆಹೊರೆಯವರು ಹೊಸ ಫೋನು ಕೊಂಡಾಗ ಹಳೆಯದನ್ನು ಇಲ್ಲಿಗೆ ತಂದುಕೊಡುತ್ತಾರೆ. ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಊರ ಬಸ್ಸುಗಳ ವೇಳೆ ತೋರಿಸುವ ಪುಟ ತೆರೆದಿದೆ. ಒಂದು ಸಾಲು ಕೆಳಗೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತಿದೆ, ಅದೂ ಆಮೆ ನಡಿಗೆಯಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಚಲನೆಯನ್ನು ಹೀಗೆ ಎಳೆದೆಳೆದು, ಎಲ್ಲಿ ಮುಗ್ಗರಿಸುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಇವರ ರೂಢಿ. ಅದಕ್ಕೇ ಈ ಪುಟ ಕಟ್ಟುವ ಕಚೇರಿಯಲ್ಲಿ ಎಲ್ಲರಿಗೂ ಇವರು ನಿಧಾನಕ್ಕ.

"ಮೊದಮೊದಲು ಕೋಪ ಬರ್ತಿತ್ತು. ಈಗ ಯಾರಾದ್ರೂ ನಿಜವಾದ ಹೆಸರು ಹಿಡಿದು ಕರೆದ್ರೆ ಏನೋ ಎಡವಟ್ಟಾಗಿದೆ ಅಂತ ಎದೆ ಧಸಕ್ ಅನ್ನುತ್ತೆ" ಎಂದು ನಗುತ್ತಾರೆ.

ಮದುವೆಗೆ ಮುಂಚಿನಿಂದಲೂ ಬಟ್ಟೆ ಅಂಗಡಿಯೊಂದರಲ್ಲಿ ಗೊಂಬೆಗಳಿಗೆ ಉಡುಪು ತೊಡಿಸಿ ಗಾಜಿನ ಹಿಂದೆ ನಿಲ್ಲಿಸುವುದು ಇವರ ಕೆಲಸವಾಗಿತ್ತು. ಅಂಗಡಿ ಮುಚ್ಚಿತು. ಆಗ ಮಗಳು ಕೈಗೂಸು. ಅತ್ತೆ ಮಗುವನ್ನು ಮಡಿಲಿಗೆ ಎಳೆದುಕೊಂಡು, "ನೀನು ಹೋಗಿ ಏನಾದ್ರೂ ಕಲಿ, ಇದನ್ನ ನಾನು ನೋಡ್ಕೋತೀನಿ" ಎಂದು ತರಗತಿಗೆ ಅಟ್ಟಿದರು. ಹಾಗೆ ಕಲಿತದ್ದು ಸಿಎಸ್ಎಸ್, ಅಂದರೆ ಪುಟದ ಬಣ್ಣ, ಅಳತೆ, ಚಲನೆಗಳನ್ನು ಬ್ರೌಸರ್‌ಗೆ ತಿಳಿಸುವ ಭಾಷೆ. "ಆಗಲೂ ಗೊಂಬೆಗೆ ಸಿಂಗಾರ, ಈಗಲೂ ಅದೇ. ಆದರೆ ಈ ಗೊಂಬೆ ಅಲ್ಲಾಡುತ್ತೆ, ಅಷ್ಟೇ."

ಅಲ್ಲಾಡುವುದೇ ಅತ್ತೆಗೆ ಆಗದು. ಕಿವಿಯ ತೊಂದರೆಯಿಂದ ಅವರಿಗೆ ತಲೆಸುತ್ತು. ಪರದೆಯ ಮೇಲೆ ಏನಾದರೂ ಜಾರಿದರೆ ಗೋಡೆ ಹಿಡಿದುಕೊಳ್ಳಬೇಕು. ಇಂಥವರಿಗೆಂದೇ ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಒಂದು ಗುಂಡಿ ಇದೆ. ಅದನ್ನು ಒತ್ತಿದವರ ಎದುರು ಕುಣಿಯಬೇಡ ಎಂದು ಪುಟಕ್ಕೆ ಹೇಳಿಡಬಹುದು. ನಿಧಾನಕ್ಕ ಹೇಳಿಟ್ಟಿದ್ದರು. ಎಡವಟ್ಟಾದದ್ದೇ ಅಲ್ಲಿ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅತ್ತೆ ಫೋನು ನೋಡಿಕೊಂಡು ಹೊರಟರು. ದರ್ಜಿ ಅಂಗಡಿಯೊಂದರಲ್ಲಿ ಗುಂಡಿ ಹೊಲಿದು, ಅಂಚು ಮಡಿಸಿ ಬರುವುದು ಅವರ ಅರ್ಧ ದಿನದ ಕೆಲಸ. ಆ ಬಸ್ಸು ರದ್ದಾಗಿತ್ತು, ಪುಟ ಮಾತ್ರ ಹಳೆಯ ವೇಳೆಯನ್ನೇ ತೋರಿಸುತ್ತಿತ್ತು. ಚಳಿಗಾಳಿಯಲ್ಲಿ ನಿಂತೂ ನಿಂತೂ ಸಾಕಾಗಿ ಮನೆಗೆ ಬಂದವರು, "ನನ್ನ ಕಣ್ಣು ಹೋಯ್ತು ಅನ್ಸುತ್ತೆ. ಮುಂದಿನ ತಿಂಗಳು ಮುಗಿಸಿ ಅಂಗಡಿ ಬಿಡ್ತೀನಿ" ಎಂದರು. ಅಂದಿನಿಂದ ಮಗನೇ, ಅಂದರೆ ನಿಧಾನಕ್ಕನ ಗಂಡನೇ, ಅವರನ್ನು ಅಂಗಡಿಗೆ ಬಿಟ್ಟು ಬರಬೇಕಾಯಿತು.

ನಿಧಾನಕ್ಕ ಹುಡುಕಿದರು. ಅವರು ಹೇಳಿದ್ದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಬರೆಯುತ್ತಿದ್ದೇನೆ. "ಹಳೇ ಸಾಲು ಜಾರಿ ಮುಗಿದ ಮೇಲೆ ಹೊಸ ಸುದ್ದಿ ಬರಿ ಅಂತ ಹೇಳಿದ್ದೆ. ಅತ್ತೆ ಫೋನಲ್ಲಿ ಜಾರೋದೇ ಇಲ್ಲ. ಶುರುವೇ ಆಗದ್ದು ಮುಗಿಯೋದು ಎಲ್ಲಿಂದ? ಪುಟ ಪಾಪ, ಕಾಯ್ತಾನೇ ಕೂತಿತ್ತು."

ತಪ್ಪು ತನ್ನದು ಎಂದು ನಿಧಾನಕ್ಕ ಅತ್ತೆಗೆ ಹೇಳಿದರೆ ಅವರು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ, ಸುಮ್ನಿರು."

ಆ ವಾರವೇ ಸದ್ಯಕ್ಕೊಂದು ತೇಪೆ ಹಾಕಿ, ಆಮೇಲೆ ಇಡೀ ಪುಟವನ್ನೇ ಬಿಚ್ಚಿ ಕಟ್ಟಿದರು. ಬ್ರೌಸರ್‌ಗಳಿಗೆ ಈಚೆಗೆ ಹೊಸದೊಂದು ಸೌಲಭ್ಯ ಬಂದಿದೆ. ಹಳೆಯ ನೋಟದ ಚಿತ್ರವನ್ನು ಬ್ರೌಸರ್ ತಾನೇ ಹಿಡಿದಿಟ್ಟುಕೊಂಡು, ಹೊಸ ನೋಟಕ್ಕೆ ತಾನೇ ಸಾಗಿಸುತ್ತದೆ. ನಡುವಿನ ಚಲನೆ ನಡೆಯಲಿ ಬಿಡಲಿ, ಹೊಸದು ಬಂದೇ ಬರುತ್ತದೆ. ಆ ಸೌಲಭ್ಯವೇ ಇಲ್ಲದ ಹಳೆಯ ಫೋನುಗಳಲ್ಲಿ ನೇರವಾಗಿ ಹೊಸ ವೇಳೆ ಬರುವಂತೆ ಬರೆದಿದ್ದಾರೆ. ಕಿಟಕಿ ಕಟ್ಟೆಯ ಪಡೆಯೆಲ್ಲ ಅದರ ಪರೀಕ್ಷೆಗೇ. "ಮೊದಲು ಸುದ್ದಿ, ಆಮೇಲೆ ಸಿಂಗಾರ" ಎನ್ನುತ್ತಾರೆ. ಪುಟದ ಚಿತ್ರ ಬಿಡಿಸುವ ಸಹೋದ್ಯೋಗಿ ಮೂಗು ಮುರಿದನಂತೆ: "ಅಕ್ಕಾ, ಇಷ್ಟು ಕಷ್ಟಪಟ್ಟು ಏನೂ ಅಲ್ಲಾಡದ ಹಾಗೆ ಮಾಡಿದ್ರಾ?"

ಹೊಸ ಪುಟ ಊರಿಗೆಲ್ಲ ತೆರೆದುಕೊಳ್ಳುವುದು ಇವತ್ತು. ಅತ್ತೆ ಶಾಲು ಹೊದ್ದು ಬಂದು ಕುರ್ಚಿ ಎಳೆದುಕೊಳ್ಳುತ್ತಾರೆ.

"ಮಗ ಎದ್ದನಾ? ನನ್ನ ಬಿಟ್ಟು ಬರ್ಬೇಕು."

"ಅತ್ತೆ, ಒಂದ್ಸಲ ನೀವೇ ನೋಡಿ."

"ನೋಡಿ ಏನು ಮಾಡ್ಲಿ, ಕಣ್ಣೇ ಸರಿಯಿಲ್ಲ."

"ನಿನ್ನೆ ಸೂಜಿಗೆ ದಾರ ಪೋಣಿಸಿದ್ದು ಯಾರ ಕಣ್ಣು?"

ಗೊಣಗುತ್ತಲೇ ಅತ್ತೆ ಫೋನು ತೆಗೆಯುತ್ತಾರೆ. ತಮ್ಮ ಬಸ್ಸಿನ ವೇಳೆಯನ್ನು ಗಟ್ಟಿಯಾಗಿ ಓದುತ್ತಾರೆ. ನಿಧಾನಕ್ಕ ಒಲೆಯ ಕಡೆ ತಿರುಗಿ ನಿಂತಿದ್ದಾರೆ. ಕೈ ಕೆಲಸ ಮಾಡುತ್ತಿಲ್ಲ, ಕಿವಿ ಮಾತ್ರ ಇತ್ತ ಇದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅತ್ತೆ ಫೋನನ್ನು ಮುಖದ ಹತ್ತಿರ ತರುತ್ತಾರೆ.

"ಅಯ್ಯೋ, ಇದು ಬದಲಾಯ್ತಲ್ಲ! ತಡ ಅಂತ ಬರೆದಿದೆ."

"ತಲೆ ಸುತ್ತಿತಾ?"

"ಸುತ್ತಲಿಲ್ಲ. ಸುಮ್ನೆ ಬದಲಾಯ್ತು." ಒಂದು ಗಳಿಗೆ ಸೊಸೆಯನ್ನೇ ನೋಡುತ್ತಾರೆ. "ಹಾಗಾದ್ರೆ ಅವತ್ತು ನಿಜವಾಗ್ಲೂ ನಿಂದೇ ತಪ್ಪಾ?"

"ನಂದೇ, ಅತ್ತೆ."

"ಎಂಥಾ ಹುಡುಗಿನಪ್ಪ! ನನ್ನ ಕಾಲು ಮರಗಟ್ಟಿ ಹೋಗಿತ್ತು." ಬೈಯುವಾಗ ಅವರ ಮುಖ ಅರಳಿದೆ. "ಅವನು ಮಲಗಿರ್ಲಿ ಬಿಡು. ಹೇಗೂ ಬಸ್ಸು ತಡ, ಇನ್ನೊಂದು ಲೋಟ ಟೀ ಹಾಕು."

ಟೀ ಕುಡಿದು, ಕತ್ತರಿ ಚೀಲ ಹೆಗಲಿಗೇರಿಸಿ ಅತ್ತೆ ಒಬ್ಬರೇ ಹೊರಡುತ್ತಾರೆ. ನಿಧಾನಕ್ಕ ಬಾಗಿಲಲ್ಲಿ ನಿಂತು, ಅವರು ತಿರುವು ದಾಟುವವರೆಗೆ ನೋಡುತ್ತಾರೆ. ಇನ್ನೇನು ಆಸೆ ಇದೆ ಎಂದು ಕೇಳಿದೆ. "ಪುಟ ಚೆನ್ನಾಗಿದೆ ಅಂತ ಯಾರೂ ಹೇಳೋದು ಬೇಡ. ನೋಡಿದ್ರು, ಬಸ್ಸು ಹತ್ತಿದ್ರು, ಮರೆತ್ರು. ಅಷ್ಟಾದ್ರೆ ಸಾಕು."

ಕೇಳಬಾರದಿತ್ತೇನೋ, ಇನ್ನೊಂದನ್ನೂ ಕೇಳಿದೆ: ಅತ್ತೆಯ ಹಾಗೆ ಬೇರೆಯವರೂ ಅವತ್ತು ಕಾದಿರಬಹುದೇ? "ಇರಬಹುದು. ಆ ಗುಂಡಿ ಒತ್ತಿದವರು ಯಾರು ಅನ್ನೋ ಲೆಕ್ಕ ನಾವು ಇಡೋದಿಲ್ಲ. ಇಡಲೂಬಾರದು" ಎಂದು ಮೆಲ್ಲಗೆ ಹೇಳಿದರು. ಅತ್ತೆಗೆ ನಿಜ ತಿಳಿಯಿತು. ಆ ಚಳಿಯಲ್ಲಿ ಕಾದು, ತಮ್ಮ ಕಣ್ಣನ್ನೇ ದೂರಿಕೊಂಡು ಮನೆಗೆ ಮರಳಿದವರು ಇನ್ನೆಷ್ಟು ಜನರೋ, ನಿಧಾನಕ್ಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.