ಅಮ್ಮ ನಿಲ್ಲಿಸಿದ ಹಾಡು

ತೊಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ನಮಗೆ ಚರ್ಚು ಇರಲಿಲ್ಲ. ನಮ್ಮ ಬಾಡಿಗೆ ಮನೆಯ ಪಡಸಾಲೆಯೇ ಚರ್ಚು. ತಿಂಗಳಿಗೊಂದು ಭಾನುವಾರ ಫಾದರ್ ಹೊಸಪೇಟೆಯಿಂದ ಮೋಟಾರ್ ಬೈಕಿನಲ್ಲಿ ಹೊರಟು, ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಪೂಜೆ ಮುಗಿಸಿ, ಮಧ್ಯಾಹ್ನ ಮೈಯೆಲ್ಲ ಧೂಳಾಗಿ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವರು ಮುಖ ತೊಳೆಯುವಷ್ಟರಲ್ಲಿ ಅಪ್ಪ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಲೈನ್‌ಮನ್ ಆಗಿದ್ದ ಅಪ್ಪನ ಸಂಸಾರ, ಒಬ್ಬ ನರ್ಸಮ್ಮ, ಒಬ್ಬ ಮೇಷ್ಟ್ರ ಮನೆಯವರು. ಇಷ್ಟೇ ನಮ್ಮ ಸಭೆ.

ಹಾಡಲಿಕ್ಕೆ ಅಮ್ಮ ಒಬ್ಬಳೇ. ಅವಳು ಆದೋನಿ ಕಡೆಯವಳು. ಪೂಜೆಯೆಲ್ಲ ಕನ್ನಡದಲ್ಲಿ ನಡೆದರೂ ಪರಮಪ್ರಸಾದ ಕೊಡುವ ಹೊತ್ತಿಗೆ ಕಣ್ಣು ಮುಚ್ಚಿ, ತನ್ನ ತಾಯಿ ಕಲಿಸಿದ, ಮಾತೆ ಮರಿಯಮ್ಮನವರ ಮೇಲಿನ ತೆಲುಗು ಹಾಡನ್ನು ಎತ್ತುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಹಣೆತುಂಬ ವಿಭೂತಿ ಹಚ್ಚಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು.

"ಏನಂತೀಯೋ ತಿಳಿಯಂಗಿಲ್ಲ ನೋಡವ್ವ, ಆದ್ರ ನೀ ಹಾಡಿದ್ರ ಹೊಟ್ಟಿ ತಣ್ಣಗಾಕ್ಕತಿ," ಅನ್ನುತ್ತಿದ್ದಳು. ಅವತ್ತೆಲ್ಲ ಅಮ್ಮನನ್ನು ಹಿಡಿಯುವವರಿಲ್ಲ!

ಬಿಷಪರ ಆಡಳಿತದ ನಮ್ಮ ಧರ್ಮಕ್ಷೇತ್ರ ಬೆಳೆಯಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಗೂ ಫಾದರ್‌ಗಳ ಓಡಾಟ ಹೆಚ್ಚಿತು. ನಮ್ಮೂರಿಗೆ ಸಿಸ್ಟರ್‌ಗಳು ಬಂದರು, ಹಾಸ್ಟೆಲ್ ಬಂತು, ಎರಡು ಸಾವಿರದ ಇಸವಿಯ ಹೊತ್ತಿಗೆ ಚರ್ಚೂ ಎದ್ದಿತು. ಅಮ್ಮ ದಿನಾ ಹೋಗಿ ಹೊಸ ಗೋಡೆಗೆ ನೀರು ಹೊಡೆದು ಬರುತ್ತಿದ್ದಳು. ನಾನು ಹಾಸ್ಟೆಲ್ ಹುಡುಗಿಯರ ಜೊತೆ ಹಾಡಿನ ತಂಡಕ್ಕೆ ಸೇರಿದೆ. ಕೀಬೋರ್ಡು, ಮೈಕು, ಟೈಪು ಮಾಡಿದ ಹಾಡಿನ ಹಾಳೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬಿಷಪರು ಚರ್ಚನ್ನು ಆಶೀರ್ವದಿಸಲು ಬರುವ ಹಿಂದಿನ ಸಂಜೆ ಅಮ್ಮ ಒಲೆಯ ಮುಂದೆ ಅದೇ ಹಾಡನ್ನು ಗುನುಗುತ್ತಿದ್ದಳು. ನಾಳೆಯೂ ಎತ್ತಿಬಿಟ್ಟಾಳೆಂದು ಹೆದರಿ ನಾನು ಒಲೆಯ ಹತ್ತಿರ ಹೋದೆ.

"ಅಮ್ಮ, ನಾಳಿ ನೀ ತೆಲುಗು ಹಾಡಬ್ಯಾಡ. ಎಲ್ಲಾ ಕನ್ನಡದಾಗ ಐತಿ. ಮಂದಿ ನಗ್ತಾರ."

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ಆತು ಬಿಡವ್ವ. ನೀವು ಕಲತೋರು, ನೀವ ಹಾಡ್ರಿ."

ಮರುದಿನ ನಾವು ಹಾಡಿದೆವು, ಬಿಷಪರು ಮೆಚ್ಚಿದರು. ಅಮ್ಮ ಮೂರನೆಯ ಸಾಲಿನಲ್ಲಿ ತಲೆಗೆ ಸೆರಗು ಹೊದ್ದು ತುಟಿ ಬಿಗಿದು ಕೂತಿದ್ದಳು. ಆಮೇಲೆ ಒಂದು ಭಾನುವಾರವೂ ಚರ್ಚು ತಪ್ಪಿಸಲಿಲ್ಲ, ಆದರೆ ಒಂದು ಸಾಲೂ ಹಾಡಲಿಲ್ಲ. ಮನೆಯಲ್ಲೂ ಗುನುಗುವುದನ್ನು ಬಿಟ್ಟಳು.

ಚರ್ಚು ಬೇಕೆಂದು ಹಂಬಲಿಸಿದವರೇ ನಾವು. ಆದರೂ ಅಷ್ಟು ದೊಡ್ಡ ಚರ್ಚಿನಲ್ಲಿ ಕೂತು ಆ ಸಣ್ಣ ಪಡಸಾಲೆಯನ್ನೇ ನೆನೆಯುತ್ತೇನೆ. ಅಮ್ಮನ ದನಿ ಇನ್ನೊಮ್ಮೆ ಕೇಳಬೇಕೆನಿಸುತ್ತದೆ.

ಎಷ್ಟೋ ವರ್ಷಗಳ ಮೇಲೆ, ನನ್ನ ಮಗಳನ್ನು ಅವಳ ಮಡಿಲಿಗೆ ಹಾಕಿ, "ಅಮ್ಮ, ಆ ಹಾಡು ಇಕಿಗೆ ಕಲಿಸು," ಅಂದೆ. ಅಮ್ಮ ಬಹಳ ಹೊತ್ತು ತುಟಿ ಆಡಿಸಿದಳು. ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಹಾಡಿ ನೋಡಿದಳು.

"ಬಾಯಾಗ ಇಲ್ಲದ್ದು ಮರ್ತ ಹೋಗೈತವ್ವ. ಇರ್ಲಿ ಬಿಡು," ಎಂದು ನನಗೇ ಸಮಾಧಾನ ಹೇಳಿದಳು.

ಅವಳು ಸಿಟ್ಟಿಗೇ ಹಾಡುವುದನ್ನು ಬಿಟ್ಟಿದ್ದಾಳೆ, ತಪ್ಪಾಯಿತೆಂದು ಕೇಳಿಕೊಂಡರೆ ಹಾಡಿಯಾಳು ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.