ಒಂದೇ ನಂಬರಿನ ಎರಡು ಫ್ಲಾಪಿ

ಶುಕ್ರವಾರ ಮಧ್ಯಾಹ್ನ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಮೆಂತೆಪಲ್ಯದ ಎಲೆ ಬಿಡಿಸಿ ಸೋಸುತ್ತ ಕೂತಿದ್ದೆ. ಠಾಣೆಯ ವರ್ತಕ ನಗರದ ಕನ್ನಡ ಟೀಚರು ಬಂದರು. ಚಪ್ಪಲಿ ಬಿಟ್ಟವರು ನೀರೂ ಕುಡಿಯದೆ, ಪರ್ಸಿನಿಂದ ಎರಡು ಫ್ಲಾಪಿ ತೆಗೆದು ಪಲ್ಯದ ಪಕ್ಕಕ್ಕೆ ಇಟ್ಟರು. ಎರಡರ ಚೀಟಿಯ ಮೇಲೂ ನನ್ನದೇ ಅಕ್ಷರ. ಮೇಲೆ ಶ್ರೀ, ಕೆಳಗೆ ೨.೧.

"ಇವೆರಡೂ ಒಂದೇ ಏನ್ರೀ?"

"ನಂಬರ್ ಒಂದೇ ಅದ ಅಂದಮ್ಯಾಲೆ ಒಂದೇರಿ" ಎಂದೆ. ಅಷ್ಟು ಧೈರ್ಯದಿಂದ ಹೇಳಿದೆನಲ್ಲ ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನನ್ನ ಮೈದುನ ಅಂಬರನಾಥದ ಒಂದು ಕಾರ್ಖಾನೆಯಲ್ಲಿದ್ದ. ಸಂಜೆ ಹೊತ್ತು ಮತ್ತು ಕಾರ್ಖಾನೆಯ ವಾರದ ರಜೆಯಾದ ಶುಕ್ರವಾರ, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಮುಂದೆ ಕೂತು ಕನ್ನಡ ಟೈಪು ಮಾಡುವ ಪ್ರೋಗ್ರಾಮು ಬರೆಯುತ್ತಿದ್ದ. ಮಾರುತ್ತಿರಲಿಲ್ಲ. ಕೇಳಿದವರಿಗೆಲ್ಲ ಫ್ಲಾಪಿ ಕೊಡುತ್ತಿದ್ದ. ಸೋರ್ಸ್ ಕೋಡ್ ಎನ್ನುವ, ಪ್ರೋಗ್ರಾಮಿನ ಒಳಗಿನ ಬರಹವೂ ಅದರಲ್ಲೇ ಇರುತ್ತಿತ್ತು. ಬಲ್ಲವರು ತಿದ್ದಲಿ, ತಿದ್ದಿದ್ದನ್ನು ನಮಗೂ ಕಳಿಸಲಿ ಎಂದು. ವಾಶಿಯಲ್ಲಿದ್ದ ಯಾರೋ ಒಬ್ಬರು ಒತ್ತಕ್ಷರ ಸರಿಮಾಡಿ ಕಳಿಸಿದ್ದರು. ನನಗೆ ಅದೆಲ್ಲ ತಿಳಿಯದು. ಆದರೆ ಬೆಲೆಯಿಲ್ಲದೆ ಹಂಚುವುದು ಪ್ರಸಾದದ ಹಾಗೆ ಕಂಡಿತು. ಚೀಟಿ ಬರೆದು ಅಂಟಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ.

ಮೊದಮೊದಲು ಅವನು ಪ್ರತಿ ಆವೃತ್ತಿಗೂ ಬಾಯಿಗೆ ಬಂದ ಹೆಸರಿಡುತ್ತಿದ್ದ: ಹೊಸದು, ಇನ್ನೂ ಹೊಸದು, ದೀಪಾವಳಿಯದು. ಯಾವುದು ಮುಂದೆ ಯಾವುದು ಹಿಂದೆ ಎಂದು ಕೇಳಲು ಪಕ್ಕದ ಮನೆಗೆ ಫೋನು ಬರುತ್ತಿತ್ತು. ಉಪ್ಪಿನಕಾಯಿ ಭರಣಿಗೆ ನಾನು ತಿಂಗಳು ಬರೆದ ಚೀಟಿ ಕಟ್ಟುತ್ತೇನೆ, ಒಳಗಿನದು ಬದಲಾದರೆ ಚೀಟಿಯೂ ಬದಲಾಗಬೇಕು, ನಿನಗೇಕೆ ಅಷ್ಟು ಶಿಸ್ತಿಲ್ಲ ಎಂದು ಒಮ್ಮೆ ಗದರಿದೆ. ನಕ್ಕ. ಆಮೇಲೆ ಅವನೇ ನಿಯಮ ಮಾಡಿದ. ಸಣ್ಣ ತಿದ್ದುಪಡಿಗೆ ಚುಕ್ಕಿಯ ನಂತರದ ಅಂಕಿ ಏರಬೇಕು. ಹಳೆಯ ಬರಹ ಹೊಸದರಲ್ಲಿ ತೆರೆಯದಂಥ ಬದಲಾವಣೆಯಾದರೆ ಚುಕ್ಕಿಯ ಮೊದಲಿನ ಅಂಕಿಯೇ ಏರಬೇಕು. ಒಮ್ಮೆ ನಂಬರು ಕೊಟ್ಟ ಮೇಲೆ ಒಳಗೆ ಕೈ ಹಾಕಬಾರದು. ದೇವರ ಗೂಡಿನ ಮುಂದೆ ಕೂತು ನಾನು ಚೀಟಿ ಬರೆಯುತ್ತಿದ್ದೆ. ಶ್ರೀ ಬರೆದ ಕೆಳಗೆ ಸುಳ್ಳು ಬರೆಯಬಾರದು ಎಂದು ಅವ್ವ ಕಲಿಸಿದ್ದಳು.

ಟೀಚರು ಮುಂಬ್ರಾದಲ್ಲಿದ್ದ ವಿಜಯಪುರ ಕಡೆಯ ಒಬ್ಬ ಮುದುಕಿಯಿಂದ ಬೀಸುವ ಹಾಡು ಹಾಡಿಸಿಕೊಂಡು, ಕೇಳಿದ ಹಾಗೇ ಮೊದಲ ಫ್ಲಾಪಿಯ ೨.೧ರಲ್ಲಿ ಟೈಪು ಮಾಡಿ ಅದರಲ್ಲೇ ಇಟ್ಟಿದ್ದರು. ನಲವತ್ತು ಹಾಡು. ಶಾಲೆಗೆ ಬೇರೆ ಕಂಪ್ಯೂಟರು ಬಂದಿತೆಂದು ದಸರೆಯ ನಂತರ ಮತ್ತೊಂದು ಫ್ಲಾಪಿ ಕೇಳಿ ಒಯ್ದರು. ನಂಬರು ಅದೇ ಇದ್ದುದರಿಂದ ನಿಶ್ಚಿಂತೆಯಿಂದ ಒಂದೊಂದೇ ಹಾಡು ತೆರೆದು, ಕೆಳಗಿನ ಸಾಲು ನೋಡದೆ ಮೇಲೆ ಶೀರ್ಷಿಕೆಯಷ್ಟೇ ಸೇರಿಸಿ, ಹಳೆಯದರ ಮೇಲೆಯೇ ಸೇವ್ ಮಾಡುತ್ತ ಹೋದರು. ಅಕ್ಷರಗಳು ಕಲಸಿಹೋಗಿದ್ದು ಮೊದಲ ಕಂತನ್ನು ಮುದ್ರಣಕ್ಕೆ ಕೊಡುವಾಗ ಕಂಡಿತು. ಮುದುಕಿ ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದಳು. ವಿಳಾಸವಿಲ್ಲ.

ಮೈದುನನನ್ನು ಕರೆದೆ. ಎರಡೂ ಫ್ಲಾಪಿ ಹಾಕಿ ನೋಡಿದ. ಅವನಿಗೆ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಮೊದಲು ಚುಚ್ಚಿದ್ದು. ಆಮೇಲೆ ತಾನಾಗಿ ಹೇಳಿದ. ಎರಡು ಪಾಯಿಂಟ್ ಒಂದರಲ್ಲಿ ದೋಷವಿತ್ತು. ಸರಿಮಾಡಲು ಅಕ್ಷರಗಳ ಒಳಗಿನ ಜೋಡಣೆಯನ್ನೇ ಬದಲಿಸಬೇಕಾಯಿತು. ಅವನದೇ ನಿಯಮದ ಪ್ರಕಾರ ಅದು ಮೂರಾಗಬೇಕು. ಆದರೆ ಇಲ್ಲಿಯ ಕನ್ನಡ ಸಂಘದ ಸಭೆಯಲ್ಲಿ ಎಲ್ಲರೆದುರು, ಇದರಲ್ಲಿ ಇನ್ನು ತಪ್ಪಿಲ್ಲ ಎಂದು ಹೇಳಿ ಕೂತಿದ್ದ.

"ಮೂರು ಅಂತ ಬರದ್ರ ಎರಡು ಕೆಟ್ಟಿತ್ತು ಅಂತ ಮಂದಿಗೆ ಗೊತ್ತಾಗ್ತದಲ್ಲ, ವೈನಿ."

ದಸರೆಯ ನಂತರದ ರಾಶಿಯನ್ನು ನನ್ನ ಮುಂದಿಟ್ಟಾಗ, ಹಳೆಯದರದೇ ಕಾಪಿ ಎಂದಿದ್ದ.

"ನನ್ನ ಕೈಲೆ ಯಾಕ ಬರಸಿದಿ?"

ಅವನು ಪರದೆ ನೋಡುತ್ತಲೇ ಹೇಳಿದ: "ನಿಮ್ಮ ಅಕ್ಷರ ಇದ್ರ ಯಾರೂ ತಿರುಗಿ ಕೇಳಂಗಿಲ್ಲ."

ಟೀಚರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರಿನ್ನೂ ಹೊಸದರಲ್ಲಿ ತೆರೆಯದ ಹನ್ನೊಂದು ಹಾಡು ಹಳೆಯ ಫ್ಲಾಪಿಯ ಪ್ರೋಗ್ರಾಮಿನಲ್ಲಿ ಇಡಿಯಾಗಿ ಬಂದವು. ದೇವರು ಅಷ್ಟಾದರೂ ಉಳಿಸಿದ. ಉಳಿದವನ್ನು ಮೈದುನ ಹಳೆಯ ಜೋಡಣೆಗೆ ತಿರುಗಿಸಿ ನೋಡಿದ. ಹಲವು ಅಕ್ಷರಗಳು ಎರಡೆರಡು ಸೇರಿ ಒಂದಾಗಿದ್ದವು. ಪರಿಚಿತ ಮಾತುಗಳನ್ನು ಟೀಚರು ಊಹಿಸಿ ತಿದ್ದಬಹುದು. ಮುದುಕಿಯ ಸ್ವಂತ ಮಾತುಗಳನ್ನು ಯಾರು ಊಹಿಸಬೇಕು? ಅವರು ಕತ್ತಲಾಗುವ ಮುಂಚೆ ಠಾಣೆಯ ಗಾಡಿ ಹಿಡಿದರು. ಅದೂ ಒಂದು ಪುಣ್ಯ.

ಎಲ್ಲರಿಗೂ ತಿಳಿಸು, ಹೊಸದಕ್ಕೆ ಮೂರು ಎಂದು ಬರಿ ಎಂದು ಅವನಿಗೆ ಹೇಳಿದೆ. ಮುಂದಿನ ಸಭೆಯಲ್ಲಿ ನೋಡೋಣ ಎಂದ. ನಾನು ಕಾಯಲಿಲ್ಲ. ಫ್ಲಾಪಿ ಒಯ್ದವರ ವಿಳಾಸಗಳು ನನ್ನ ವಹಿಯಲ್ಲಿದ್ದವು. ಪೋಸ್ಟ್‌ಕಾರ್ಡು ತೆಗೆದುಕೊಂಡು, ನನ್ನ ಅಕ್ಷರದ ೨.೧ ಎರಡು ಬಗೆಯದಿದೆ, ದಸರೆಯ ನಂತರ ಒಯ್ದಿದ್ದರಲ್ಲಿ ಹಳೆಯ ಬರಹ ತೆರೆಯಬೇಡಿ, ನಾನು ತಿಳಿಯದೆ ಬರೆದೆ, ಕ್ಷಮಿಸಿ ಎಂದು ಒಂದೊಂದಾಗಿ ಬರೆದೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಮನೀ ಮರ್ಯಾದಿ ನೀವೇ ಕಳದ್ರಿ" ಎಂದ.

ನಾನು ಮುಂದಿನ ಕಾರ್ಡು ತೆಗೆದುಕೊಂಡೆ. ನನ್ನ ಮುಂದೆ ಬೆಳೆದ ಹುಡುಗ, ನನ್ನ ಕೈಯೂಟ ಉಂಡವನು, ನನ್ನ ಅಕ್ಷರವನ್ನು ಮುಸುಕು ಮಾಡಿಕೊಂಡಿದ್ದನಲ್ಲ ಎನ್ನುವುದೊಂದೇ ಮನಸ್ಸಿನಲ್ಲಿತ್ತು. ಆ ನಂತರ ಚೀಟಿಗಳನ್ನು ಅವನೇ ಬರೆದುಕೊಂಡ. ನಂಬರುಗಳು ಸರಿಯಾಗಿಯೇ ಇರುತ್ತಿದ್ದವು ಎಂದು ಕೇಳಿದ್ದೇನೆ. ನಾನು ತೆಗೆದು ನೋಡಲಿಲ್ಲ.

ಅಂದು ಕೊನೆಯ ಕಾರ್ಡಿಗೆ ವಿಳಾಸ ಬರೆಯುವಷ್ಟರಲ್ಲಿ ನಳಕ್ಕೆ ನೀರು ಬಂತು. ಎದ್ದು ಡ್ರಮ್ಮು ತೊಳೆದು ಪೈಪು ಹಚ್ಚಿದೆ.